ಮೋಡ ಕವಿದರೆ ಫೋನು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ತಲೆಯೆತ್ತಿ ನೋಡಿದಳು. ಪಡುವಣದಿಂದ ದಪ್ಪನೆಯ ಮೋಡವೊಂದು ಸೂರ್ಯನ ಕಡೆಗೆ ಸರಿಯುತ್ತಿತ್ತು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಮತ್ತೆ ಬಕೆಟ್ಟಿಗೆ ಹಾಕಿ, ಮೆಟ್ಟಿಲಿಳಿದು ಬಂದು, ಗಂಡನ ತಟ್ಟೆಗೆ ಅನ್ನ ಬಡಿಸಿದಳು.

"ಇನ್ನೂ ಹಸಿವಾಗಿಲ್ಲ ಕಣೇ."

"ಮೋಡ ಬರ್ತಾ ಇದೆ. ನಾಲ್ಕು ತುತ್ತಾದ್ರೂ ಹೊಟ್ಟೆಗೆ ಬೀಳಲಿ."

ಅವನು ನಿಂತೇ ತಿಂದ. ಐದನೆಯ ತುತ್ತಿಗೆ ಫೋನು ಬಂತು.

ಅದು ಸ್ಥಾವರದವರು ಕೊಟ್ಟ ಕಪ್ಪು ಫೋನು. ಅದರಲ್ಲಿ ಆಡಿದ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಆ ಕಡೆಯಿಂದ ಹುಡುಗಿಯೊಬ್ಬಳು ಓದಿದಂತೆ ಹೇಳಿದಳು: "ಎರಡನೇ ಘಟಕ. ಮೂರು ಗಂಟೆಗೆ ಎಪ್ಪತ್ತು ಮೆಗಾವಾಟ್. ನೀವು ಒಪ್ಪಿದ್ದೀರಾ?"

"ಒಪ್ಪಿದೆ. ಎರಡನೇ ಘಟಕ, ಮೂರಕ್ಕೆ ಎಪ್ಪತ್ತು."

ಫೋನು ಕೆಳಗಿಟ್ಟು ಕೈ ತೊಳೆದ. ಹೆಂಡತಿ ಕೇಳಿದಳು: "ಅವಳೇನಾ?"

"ಅವಳೇ."

"ಊಟ ಮಾಡಿದ್ಲಂತಾ?"

"ಅದನ್ನೆಲ್ಲ ಆ ಫೋನಲ್ಲಿ ಕೇಳೋ ಹಾಗಿಲ್ಲ" ಎಂದು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡ.

ಫೋನು ಮಾಡಿದವಳು ಅವರ ಮಗಳು. ಇಪ್ಪತ್ತಮೂರು ವರ್ಷದವಳು, ನಗರದ ಇನ್ನೊಂದು ತುದಿಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕಿರಿಯ ಎಂಜಿನಿಯರ್. ಯಾವ ಸ್ಥಾವರ ಎಷ್ಟು ಹೊತ್ತಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವುದು ಆ ಕೇಂದ್ರದ ಕೆಲಸ. ಅಪ್ಪ ಗ್ಯಾಸ್ ಟರ್ಬೈನ್ ಸ್ಥಾವರದ ಆಪರೇಟರ್. ತಾತ ಆ ಟರ್ಬೈನನ್ನು ಜೋಡಿಸಿದ ಫಿಟ್ಟರ್‌ಗಳಲ್ಲಿ ಒಬ್ಬ. ನಿವೃತ್ತಿಯಾದ ಮೇಲೂ ಗುತ್ತಿಗೆಯ ಮೇಲೆ ದುಡಿದು, ಎರಡು ವರ್ಷದ ಹಿಂದೆ ಅರವತ್ತಾರಕ್ಕೆ ಮನೆ ಸೇರಿದವನು. ಮೂರು ತಲೆಮಾರೂ ಒಂದೇ ಯಂತ್ರದ ಅನ್ನ ತಿಂದಿದ್ದರು. ಅಮ್ಮ ಮಾತ್ರ ಬೇರೆ. ಅವಳು ಮನೆಯಲ್ಲೇ ಕುಳಿತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು.

ಅವರ ವಸತಿಗೂ ಸ್ಥಾವರಕ್ಕೂ ನಡುವೆ ಒಂದು ಗೋಡೆ, ಏಳುನೂರು ಮೀಟರ್ ಬಯಲು. ಘಟಕ ಚಾಲೂ ಆದಾಗ ನಡುಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ತಾತನ ಕಾಲದಲ್ಲಿ ಆ ಗಾಜು ವರ್ಷಪೂರ್ತಿ ನಡುಗುತ್ತಿತ್ತು. ಒಮ್ಮೆ ಹೊತ್ತಿಸಿದರೆ ಘಟಕ ಹನ್ನೊಂದು ತಿಂಗಳು ಆರುತ್ತಿರಲಿಲ್ಲ. ಈಗ ಹಗಲಿನ ವಿದ್ಯುತ್ತನ್ನು ಬಯಲುಗಳಲ್ಲಿ ಹಾಸಿದ ಸೌರಫಲಕಗಳು ಕೊಡುತ್ತವೆ. ಸೂರ್ಯ ಮುಳುಗಿದಾಗ, ಮೋಡ ಕವಿದಾಗ, ಗಾಳಿ ನಿಂತಾಗ ಮಾತ್ರ ಟರ್ಬೈನ್ ಬೇಕು. ಮೂರು ಪಾಳಿ ಹೋಗಿ ಇಬ್ಬರು ಆಪರೇಟರ್‌ಗಳು ಉಳಿದರು. ಒಬ್ಬರಿಗೆ ಬೆಳಗಿನ ಸರದಿ, ಇನ್ನೊಬ್ಬರಿಗೆ ಮಧ್ಯಾಹ್ನದಿಂದ ಮುಂದಿನದು. ಫೋನು ಬಂದರೆ ಹದಿನೈದು ನಿಮಿಷದಲ್ಲಿ ಹಾಜರಿರಬೇಕು.

"ನಮ್ಮ ಕಾಲದಲ್ಲಿ ಅದು ಆನೆ ಇದ್ದಂಗಿತ್ತು," ಎನ್ನುತ್ತಿದ್ದ ತಾತ. "ನೀವು ಅದನ್ನ ಕೈ ತೋರಿಸಿದ ಕಡೆ ನಿಲ್ಲೋ ಬಸ್ಸು ಮಾಡಿದ್ದೀರಿ."

ಎರಡೂ ಐವತ್ತಕ್ಕೆ ಗಾಜು ನಡುಗತೊಡಗಿತು. ಹೆಂಡತಿ ಹೊಲಿಗೆಯಂತ್ರದ ಮುಂದೆ ಕುಳಿತವಳು ತುಳಿಯದೆ ಹಾಗೇ ಇದ್ದಳು. ನಡುಕ ಒಂದೇ ಸಮಕ್ಕೆ ಬಂದ ಮೇಲೆ ತುಳಿಯಲು ಶುರು ಮಾಡಿದಳು. ಯಾಕೆ ಕಾದೆನೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಅವಳನ್ನು ಬಾಗಿಲ ಹಿಂದಿನ ಫ್ಯೂಸಿನ ಪೆಟ್ಟಿಗೆಯ ಹತ್ತಿರ ಕರೆದ.

"ನೋಡು, ಕರೆಂಟು ಹೋದ್ರೆ ಮೊದಲು ಇದನ್ನ ಇಳಿಸಬೇಕು. ಆಮೇಲೆ ಇದನ್ನ ಕಿತ್ತು ತಂತಿ ನೋಡು. ಸುಟ್ಟಿದ್ರೆ ಹೊಸ ತಂತಿ ಹಾಕು. ಮಾಡಿ ತೋರಿಸು."

ಅವಳು ನಗುತ್ತಲೇ ಮಾಡಿ ತೋರಿಸಿದಳು. ಆಮೇಲೆ ನೀರಿನ ಮೋಟರಿಗೆ ಗಾಳಿ ಹಿಡಿದರೆ ಏನು ಮಾಡಬೇಕೆಂದು ಹೇಳಿಕೊಟ್ಟ. ವಿಮೆಯ ಕಾಗದ ಯಾವ ಡಬ್ಬದಲ್ಲಿದೆ ಎಂದು ಹೇಳಿದ. ಅಲ್ಲಿಗೆ ಅವಳ ನಗು ನಿಂತಿತು.

"ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ಒಂದು ದಿನ ಹೇಳದೇ ಇರೋದನ್ನ ಇವತ್ತು ಯಾಕ್ರೀ ಹೇಳ್ತಿದ್ದೀರಿ?"

"ಗೊತ್ತಿರಲಿ ಅಂತ."

"ಯಾಕೆ ಗೊತ್ತಿರಬೇಕು?"

"ಏನೇ ನೀನು, ಪೊಲೀಸಿನವರ ಥರ!" ಎಂದು ಅವನು ಹೊರಗೆ ಹೋಗಿ ಸೈಕಲ್ ಒರೆಸತೊಡಗಿದ. ಆಗಲೇ ಒರೆಸಿಟ್ಟಿದ್ದ ಸೈಕಲ್ಲು ಅದು.

ಅಂದು ಸಂಜೆ ತಾತನೂ ಮಗನೂ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಮಾತಾಡಿದ್ದು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅವಳ ಕಿವಿಗೆ ಬಿತ್ತು.

"ಹೊಗೆಕೊಳವೆ ಸುತ್ತ ಹದಿನೆಂಟು ಕಡ್ಡಿ ಇವೆಯಲ್ಲ, ಶಾಖ ಅಳೆಯೋವು. ಒಂಬತ್ತನೆಯದು ಕಡಿಮೆ ತೋರಿಸ್ತಿದೆ ಅಪ್ಪಾ."

"ಕಡ್ಡಿ ಕೆಟ್ಟಿರುತ್ತೆ. ಬದಲಾಯಿಸು."

"ಬದಲಾಯಿಸ್ದೆ. ಹೊಸದೂ ಅಷ್ಟೇ ತೋರಿಸ್ತು."

"ಹಂಗಾದ್ರೆ ವೈರು."

"ವೈರಲ್ಲ. ಲೋಡು ಹೆಚ್ಚು ಮಾಡಿದ್ರೆ ಒಂಬತ್ತು ಸರಿಹೋಗಿ ಹನ್ನೊಂದು ತಣ್ಣಗಾಗುತ್ತೆ. ಇಳಿಸಿದ್ರೆ ಮತ್ತೆ ಒಂಬತ್ತಕ್ಕೆ ಬರುತ್ತೆ."

ಕಡ್ಡಿ ಕೆಟ್ಟಿದ್ದರೆ ತಪ್ಪು ಅದೇ ಜಾಗದಲ್ಲಿ ಕೂತಿರುತ್ತದೆ. ಜಾಗ ಬದಲಿಸುತ್ತಿದೆ ಎಂದರೆ ತಣ್ಣನೆಯ ಗಾಳಿ ನಿಜವಾಗಿಯೂ ಎಲ್ಲಿಂದಲೋ ನುಗ್ಗಿ, ಬೆಂಕಿಯ ಸುಳಿಯ ಜೊತೆ ತಿರುಗುತ್ತಿದೆ. ಎಲ್ಲೋ ತಗಡು ಬಿರಿದಿದೆ. ಇದು ಇಬ್ಬರಿಗೂ ಗೊತ್ತಿತ್ತು.

"ತಗಡು ಬಿರಿದಿದ್ರೂ ಬಿಚ್ಚಿ ನೋಡೋಕೆ ಇನ್ನೂ ಟೈಮ್ ಇದೆಯಲ್ಲೋ," ಎಂದ ತಾತ. "ಅವರ್ಸ್ ಎಷ್ಟಾಗಿದೆ?"

"ಕಳೆದ ಸಲ ಬಿಚ್ಚಿದ ಮೇಲೆ ಐದು ಸಾವಿರ ಗಂಟೆ."

"ಇಪ್ಪತ್ನಾಲ್ಕು ಸಾವಿರಕ್ಕೆ ಬಿಚ್ಚೋದು. ಕಾಲು ಭಾಗನೂ ಆಗಿಲ್ಲ. ಸುಮ್ನೆ ಹೆದರಬೇಡ."

"ಗಂಟೆ ಸರಿ. ಸ್ಟಾರ್ಟು? ಒಂಬೈನೂರು ಸಲಕ್ಕೆ ಬಿಚ್ಚಬೇಕು ಅಂತಲೂ ಪುಸ್ತಕದಲ್ಲಿದೆ."

"ಎಷ್ಟಾಗಿದೆ?"

"ಕಂಟ್ರೋಲ್ ಪ್ಯಾನೆಲ್ಲಿನ ಲೆಕ್ಕದಲ್ಲಿ ಆರುನೂರ ಎಪ್ಪತ್ತು ಚಿಲ್ಲರೆ."

"ಮತ್ತಿನ್ನೇನು!" ಎಂದ ತಾತ, ದನಿ ಎತ್ತರಿಸಿ. ಆ ಎತ್ತರದಲ್ಲಿ ಧೈರ್ಯ ಇರಲಿಲ್ಲ.

ಬಟಾಣಿ ಬಿಡಿಸುತ್ತಿದ್ದವಳು ಎದ್ದು ಹಿತ್ತಲಿಗೆ ಬಂದಳು. "ಮಾವ, ಆ ತಗಡು ಕಿತ್ತುಹೋದ್ರೆ ಏನಾಗುತ್ತೆ?"

"ಅಡುಗೆ ಆಯ್ತೇನಮ್ಮ?"

"ಆಗಿಲ್ಲ. ಏನಾಗುತ್ತೆ?"

ತಾತ ಮಗನ ಮುಖ ನೋಡಿದ. ಮಗ ನೆಲ ನೋಡುತ್ತಿದ್ದ. "ಒಳಗೆ ಅಲಗುಗಳು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗ್ತವೆ. ಅದರ ಮಧ್ಯೆ ತಗಡು ಬಿದ್ರೆ ಅಲಗು ಮುರೀತದೆ. ಮುರಿದದ್ದು ಇನ್ನೊಂದನ್ನ ಮುರೀತದೆ. ಹೊರಗಿನ ಕವಚ ತಡೀಬಹುದು."

"ತಡೀದೇ ಇದ್ರೆ?"

"ಪಕ್ಕದಲ್ಲಿ ಗ್ಯಾಸ್ ಪೈಪು ಇದೆ."

"ಇವರು ಎಲ್ಲಿರ್ತಾರೆ ಆಗ?"

ಅದಕ್ಕೆ ಗಂಡನೇ ಉತ್ತರ ಕೊಟ್ಟ. "ಒಳಗೆ ಕೂತು ಗುಂಡಿ ಒತ್ತೋದು ನಾನೇ. ಬೆಂಕಿ ಹತ್ತಿದ ಮೇಲೆ ಹೊರಗೆ ಬಂದು ಎಲ್ಲೂ ಸೋರ್ತಿಲ್ಲ ಅಂತ ಒಂದು ಸುತ್ತು ನೋಡೋದೂ ನಾನೇ. ಮುಂಚೆ ನಾಲ್ಕು ಜನ ಇದ್ವಿ."

ಆ ದಿನದಿಂದ ಅವಳು ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತಿದ್ದಳು. ತಿಳಿಯಾಗಿದ್ದರೆ ಸಂಜೆಯವರೆಗೆ ಉಸಿರಾಡಬಹುದಿತ್ತು. ಅಳತೆ ಕೊಡಲು ಬಂದ ನೆರೆಮನೆಯವಳು "ಒಂದು ಮಳೆಯಾದ್ರೂ ಬರಬಾರದಾ, ಏನು ಸೆಖೆ!" ಎಂದಾಗ, "ಬಾಯಿ ಮುಚ್ಚು ಮಹಾತಾಯಿ" ಎಂದುಬಿಟ್ಟಳು. ಆ ಹೊಲಿಗೆ ಬೇರೆಯವರ ಪಾಲಾಯಿತು.

ಮೂರನೆಯ ವಾರ ಅಪ್ಪ ಮಗಳ ಜಗಳ ಹತ್ತಿತು. ಬೆಳಗಿನ ತಿಂಡಿಯ ಹೊತ್ತು. ಮಗಳು ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು.

"ನಿನ್ನೆ ಒಂದೇ ಸಂಜೆ ಎರಡು ಸಲ ಹೊತ್ತಿಸಿ ಆರಿಸಿದ್ರಿ," ಎಂದ ಅಪ್ಪ. "ಒಂದು ಗಂಟೆ ಮಧ್ಯೆ ಸುಮ್ನೆ ಓಡೋಕೆ ಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು?"

"ಗಾಳಿ ಬೀಸ್ತು ಅಪ್ಪ. ಗಾಳಿಯಂತ್ರಗಳು ತಿರುಗಿದ್ವು. ಗ್ಯಾಸು ಸುಡೋದು ಯಾಕೆ?"

"ಪ್ರತಿ ಸಲ ಹೊತ್ತಿಸಿದಾಗ ಕಬ್ಬಿಣ ಹಿಗ್ಗುತ್ತೆ, ಆರಿಸಿದಾಗ ಕುಗ್ಗುತ್ತೆ. ತಂತಿನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಹಾಗೆ. ನಿಂಗೆ ಅದು ಪರದೆ ಮೇಲಿನ ಒಂದು ಚೌಕ. ನಾನು ಅದರ ಪಕ್ಕ ನಿಲ್ಲೋನು."

"ಹಾಗಾದ್ರೆ 'ಲಭ್ಯವಿಲ್ಲ' ಅನ್ನು. ಒಂದೇ ಮಾತು. ನಾನು ಬರ್ಕೋತೀನಿ. ಆಮೇಲೆ ಯಾರೂ ಫೋನ್ ಮಾಡಲ್ಲ."

"ಒಂದೇ ಮಾತಂತೆ! ಮೊದಲನೇ ಘಟಕಕ್ಕೆ ಆ ಮಾತು ಅಂದೇ ಬೀಗ ಬಿತ್ತು. ಹನ್ನೊಂದು ಮನೆ ಖಾಲಿ ಆದವು ಈ ಸಾಲಲ್ಲಿ. ಗೊತ್ತಿಲ್ವಾ ನಿಂಗೆ?"

"ಗೊತ್ತು. ಅದಕ್ಕೇ ಸಾಯ್ತೀಯಾ?"

"ಏನೇ ಅಂದೆ?" ಎಂದು ಅಮ್ಮ ಸೌಟು ಹಿಡಿದೇ ಒಳಗಿನಿಂದ ಬಂದಳು. "ಬೆಳಿಗ್ಗೆ ಎದ್ದು ಬಿಡ್ತು ಅನ್ನೇ!"

"ನೀನೇ ದಿನಾ ಆಕಾಶ ನೋಡಿ ಅದನ್ನೇ ಅಂದ್ಕೋತೀಯ ಅಮ್ಮ. ನಾನು ಬಾಯಿಬಿಟ್ಟು ಹೇಳ್ದೆ ಅಷ್ಟೇ." ಮಗಳ ಕಣ್ಣು ತುಂಬಿತ್ತು. "ಅಪ್ಪನಿಗೆ ಫೋನ್ ಮಾಡೋವಾಗ ನಂಗೆ ಹೇಗಾಗುತ್ತೆ ಅಂತ ಯಾರಾದ್ರೂ ಕೇಳಿದ್ದೀರಾ? ನಾನು ಮಾಡದಿದ್ರೆ ಪಕ್ಕದ ಕುರ್ಚಿಯವನು ಮಾಡ್ತಾನೆ. ಅವನಿಗಾದ್ರೆ ಅದು ಬರೀ ಎರಡನೇ ಘಟಕ."

ಸಿಪ್ಪೆ ಬಿಡಿಸಿದ ಮೊಟ್ಟೆಯನ್ನು ಅಪ್ಪನ ತಟ್ಟೆಗೆ ಹಾಕಿ ಎದ್ದುಹೋದಳು. ಮಧ್ಯಾಹ್ನ ಅಮ್ಮ ತೆಗೆಯುವವರೆಗೆ ಅದು ಅಲ್ಲೇ ಇತ್ತು.

ಮಗಳು ಮಾತಿನಲ್ಲಿ ಬಿಟ್ಟಳೇ ಹೊರತು ಕೆಲಸದಲ್ಲಿ ಬಿಡಲಿಲ್ಲ. ಕೇಂದ್ರದಲ್ಲಿ ಹಳೆಯ ಆದೇಶಗಳೆಲ್ಲ ದಾಖಲಾಗಿರುತ್ತವೆ. ನಾಲ್ಕು ವರ್ಷದ ಹಿಂದೆ ಎರಡನೇ ಘಟಕವನ್ನು ಬಿಚ್ಚಿ ಮುಚ್ಚಿದ ದಿನದಿಂದ ಹಿಡಿದು, ಘಟಕ ನಿಜವಾಗಿ ವಿದ್ಯುತ್ ಜಾಲಕ್ಕೆ ಸೇರಿದ ಒಂದೊಂದು ಸಲವನ್ನೂ ಊಟದ ಬಿಡುವಿನಲ್ಲಿ ಎಣಿಸಿದಳು. ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದಳು. ನಾಲ್ಕನೆಯ ವಾರ, ಎಲ್ಲರೂ ಒಟ್ಟಿಗೆ ಕುಳಿತ ಅಪರೂಪದ ಮಧ್ಯಾಹ್ನದ ಊಟದಲ್ಲಿ, ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು.

"ಸಾವಿರದ ಇನ್ನೂರ ಮೂವತ್ತೊಂದು."

"ಏನದು?" ಎಂದ ಅಪ್ಪ.

"ಬಿಚ್ಚಿದ ಮೇಲೆ ನೀವು ಸ್ಟಾರ್ಟ್ ಮಾಡಿದ್ದು."

"ಸಾಧ್ಯವೇ ಇಲ್ಲ. ನಿನ್ನೆ ರಾತ್ರಿ ಪ್ಯಾನೆಲ್ ನೋಡಿದ್ದೀನಿ. ಆರುನೂರ ತೊಂಬತ್ತಮೂರು."

"ಎರಡು ಸಲ ಎಣಿಸಿದ್ದೀನಿ."

ತಾತ ನೀರಿನ ಲೋಟ ಕೆಳಗಿಟ್ಟ. "ಐನೂರ ಮೂವತ್ತೆಂಟು ವ್ಯತ್ಯಾಸ," ಎಂದ. ಯಾರೂ ಅವನನ್ನು ಲೆಕ್ಕ ಕೇಳಿರಲಿಲ್ಲ.

"ಅಪ್ಪಾ?"

"ಹಳೇ ಪ್ಯಾನೆಲ್ಲು ತೆಗೆದು ಹೊಸದು ಹಾಕಿದ್ರಲ್ಲ, ನಾನು ಬಿಡೋ ತಿಂಗಳು." ತಾತ ತಟ್ಟೆಯನ್ನು ದೂರ ಸರಿಸಿದ. "ಆ ಕಂಪನಿಯವನು ಒಂದು ಫಾರಂ ಕೊಟ್ಟ. ಹಳೇ ಯಂತ್ರದ ವಿವರ ತುಂಬಿ, ಅದನ್ನ ಹೊಸದಕ್ಕೆ ಹಾಕ್ತೀವಿ ಅಂದ. ಗಂಟೆ ಎಷ್ಟು ಅಂತ ಒಂದು ಖಾನೆ. ಬರೆದೆ, ನಿಮಿಷದ ಸಮೇತ. ಸ್ಟಾರ್ಟ್ ಎಷ್ಟು ಅಂತ ಇನ್ನೊಂದು ಖಾನೆ. ಅಲ್ಲಿ ಒಂದು ಗೆರೆ ಎಳೆದೆ."

"ಯಾಕೆ ತಾತ?"

"ನಲವತ್ತು ವರ್ಷ ಯಾರೂ ಅದನ್ನ ಕೇಳಿರಲಿಲ್ಲ ಮರಿ. ವರ್ಷಕ್ಕೆ ಒಂದು, ಹೆಚ್ಚು ಅಂದ್ರೆ ಮೂರು. ಸ್ಟಾರ್ಟ್ ಎಣಿಸೋದು ಅಂದ್ರೆ ಮನುಷ್ಯನ ವಯಸ್ಸನ್ನ ಅವನು ಎಷ್ಟು ಸಲ ಸೀನಿದ ಅಂತ ಎಣಿಸಿದ ಹಾಗೆ ಅಂದ್ಕೊಂಡಿದ್ದೆ. ದಿನಾ ಹೊತ್ತಿಸೋದು ಶುರುವಾಗಿ ಆಗ ಎರಡು ವರ್ಷ ಆಗಿತ್ತು. ಕಣ್ಣೆದುರಿಗೇ ಇತ್ತು. ಆದ್ರೂ ಕೈ ಹಳೇ ಕೈ. ಗೆರೆ ಎಳೀತು."

ಗೆರೆ ಇದ್ದಲ್ಲಿ ಕಂಪನಿಯವನು ಸೊನ್ನೆ ಹಾಕಿದ್ದ. ಹೊಸ ಪ್ಯಾನೆಲ್ಲು ಸೊನ್ನೆಯಿಂದ ಎಣಿಸಿತ್ತು. ಒಂಬೈನೂರಕ್ಕೆ ಬಿಚ್ಚಬೇಕಿದ್ದ ಯಂತ್ರ ಮುನ್ನೂರ ಮೂವತ್ತೊಂದು ಸಲ ಹೆಚ್ಚಿಗೆ ಹೊತ್ತಿತ್ತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಸಲ ಅದರ ಪಕ್ಕದಲ್ಲಿ ನಿಂತವನು ಆ ಗೆರೆ ಎಳೆದವನ ಮಗ.

ಸೊಸೆ ಎದ್ದು ನಿಂತಳು. ಮದುವೆಯಾದಾಗಿನಿಂದ ಮಾವನಿಗೆ ಎದುರು ಮಾತಾಡಿದವಳಲ್ಲ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ ಮಾವ. ದೊಣ್ಣೆ ಮನೆಯವರ ಕೈಯಲ್ಲೇ ಇರುತ್ತೆ ಅಂತ ಗೊತ್ತಿರಲಿಲ್ಲ."

"ಅಮ್ಮಾ!" ಎಂದಳು ಮಗಳು.

"ಬಿಡು," ಎಂದ ತಾತ. "ಅವಳು ಸರಿಯಾಗೇ ಹೇಳಿದ್ಲು."

ಅಂದೇ ತಾತ ಎರಡು ಪುಟ ಬರೆದು ಸಹಿ ಹಾಕಿ ಮಗನಿಗೆ ಕೊಟ್ಟ. ಮಗ ಅದನ್ನು ಮರುದಿನ ಸ್ಥಾವರದ ಮ್ಯಾನೇಜರರ ಮೇಜಿನ ಮೇಲಿಟ್ಟ. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಓದಿದರು, ಕನ್ನಡಕ ತೆಗೆದು ಒರೆಸಿದರು.

"ನಿಮ್ಮಪ್ಪ ಹಿರಿಯರು. ಆದ್ರೆ ನಾನು ಮೇಲೆ ಕಳಿಸಬೇಕಾದ್ದು ಪ್ಯಾನೆಲ್ಲಿನ ಲೆಕ್ಕ. ಪತ್ರ ಕಳಿಸ್ತೀನಿ, ಉತ್ತರ ಬರಲಿ. ಅಲ್ಲಿವರೆಗೆ ಯಂತ್ರ ನಿಲ್ಲಿಸಿದ್ರೆ ಮತ್ತೆ ಎಬ್ಬಿಸೋಕೆ ಬಿಡ್ತಾರೆ ಅಂತ ನನಗೆ ನಂಬಿಕೆ ಇಲ್ಲ. ನಿಮಗಿದೆಯಾ?"

ಅವನಿಗೂ ಇರಲಿಲ್ಲ.

ಅಂದಿನಿಂದ ತಾತ ಕಿಟಕಿಯ ಪಕ್ಕದ ಗೋಡೆಗೆ ಸೊಸೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದ. ಗಾಜು ಒಂದು ಸಲ ನಡುಗಿದರೆ ಒಂದು ಗೆರೆ. ಅಂಗೈಯನ್ನು ಗಾಜಿನ ಮೇಲಿಟ್ಟು, ನಡುಕ ಸಮವಾಗುವವರೆಗೆ ನಿಂತಿರುತ್ತಿದ್ದ. ಸೊಸೆ ಅವನೊಡನೆ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ಅಷ್ಟೇ. ಆದರೆ ಗಾಜು ನಡುಗುವಾಗ ಅವಳೂ ಬಂದು ಅವನ ಹಿಂದೆ ನಿಲ್ಲುತ್ತಿದ್ದಳು. ಎಂಟು ದಿನಕ್ಕೆ ಒಂಬತ್ತು ಗೆರೆಯಾಯಿತು.

ಒಂಬತ್ತನೆಯ ದಿನ ಬೆಳಗಿನಿಂದ ಮೋಡ. ಸಂಜೆ ಆರೂ ಇಪ್ಪತ್ತಕ್ಕೆ ಗಂಡ ಚಹಾ ಕುಡಿಯುತ್ತಿದ್ದಾಗ ಫೋನು ಬಂತು.

"ಎರಡನೇ ಘಟಕ. ಏಳು ಗಂಟೆಗೆ ತೊಂಬತ್ತು ಮೆಗಾವಾಟ್." ಮಗಳು ಒಂದು ಕ್ಷಣ ತಡೆದಳು. "ಪೂರ್ತಿ ಲೋಡು. ಒಪ್ಪಿದ್ದೀರಾ?"

ಅವನು ಅಪ್ಪನ ಕಡೆ ನೋಡಿದ, ಹೆಂಡತಿಯ ಕಡೆ ನೋಡಲಿಲ್ಲ. "ಸ್ಥಾವರಕ್ಕೆ ಹೋಗಿ ಹೇಳ್ತೀನಿ," ಎಂದ.

"ಏನು ಮಾಡ್ತೀಯೋ?" ಎಂದ ತಾತ.

"ನೋಡೋಣ."

"ನೋಡೋಣ ಅಂದ್ರೆ ಏನ್ರೀ?" ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೋದ. ಚಹಾ ಅರ್ಧ ಉಳಿದಿತ್ತು.

ಆರೂ ಐವತ್ತಾಯಿತು. ತಾತ ಗಾಜಿನ ಮೇಲೆ ಅಂಗೈಯಿಟ್ಟು ನಿಂತಿದ್ದ. ಆರೂ ಐವತ್ತೈದು. ಏಳು. ಏಳೂ ನಾಲ್ಕಕ್ಕೆ ದೀಪ ಹೋಯಿತು. ಬೀದಿ, ಎದುರುಮನೆ, ಸ್ಥಾವರದ ಗೋಡೆಯ ಮೇಲಿನ ದೀಪಗಳು, ಎಲ್ಲ ಒಟ್ಟಿಗೆ.

ಅವಳು ತಡಕಾಡುತ್ತ ಬಾಗಿಲ ಹಿಂದೆ ಹೋಗಿ, ಇಳಿಸಬೇಕಾದ್ದನ್ನು ಇಳಿಸಿ, ಫ್ಯೂಸು ಕಿತ್ತು, ಬೆರಳಿನಿಂದ ತಂತಿ ಮುಟ್ಟಿ ನೋಡಿದಳು. ತಂತಿ ಸರಿಯಾಗಿಯೇ ಇತ್ತು.

"ಮಾವ," ಎಂದಳು, ಎಂಟು ದಿನದ ಮೇಲೆ ಮೊದಲ ಸಲ. "ಗಾಜು ನಡುಗ್ತಾ?"

"ಇಲ್ಲ."

"ಅಂದ್ರೆ ಅವರು ಹೊತ್ತಿಸಲಿಲ್ವಾ?"

"ಹಂಗೇ ಇರಬೇಕು."

"ಇಲ್ಲಾ ಹೊತ್ತಿಸೋಕೆ ಹೋಗಿ..."

ತಾತನ ಅಂಗೈ ಗಾಜಿನ ಮೇಲೇ ಇತ್ತು. ಮುದಿ ಕೈ ತಾನೇ ನಡುಗುತ್ತಿದ್ದರಿಂದ, ಗಾಜು ನಡುಗಿತ್ತೋ ಇಲ್ಲವೋ ಎಂದು ಅವನಿಗೀಗ ಖಾತ್ರಿಯಿರಲಿಲ್ಲ.

"ಸದ್ದು ಬರ್ತಿತ್ತು ಕಣಮ್ಮ. ಹಂಗೇನಾದ್ರೂ ಆಗಿದ್ರೆ ಊರಿಗೇ ಕೇಳ್ತಿತ್ತು."

"ನಿಮ್ಮ ಕಿವಿ ಮಂದ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಿದ್ದೆ."

ತನ್ನ ಸ್ವಂತ ಫೋನಿನಿಂದ ಗಂಡನಿಗೆ ಮಾಡಿದಳು; ಗಂಟೆ ಹೊಡೆದು ಹೊಡೆದು ನಿಂತಿತು. ಮಗಳಿಗೆ ಮಾಡುವಂತಿರಲಿಲ್ಲ, ಪಾಳಿಯಲ್ಲಿ ಅವಳ ಫೋನು ಹೊರಗಿನ ಪೆಟ್ಟಿಗೆಯಲ್ಲಿರುತ್ತದೆ. ಬೀದಿಯಲ್ಲಿ ಯಾರೋ ಓಡಿಹೋದ ಸದ್ದಾಯಿತು. ಇಬ್ಬರೂ ಕಿಟಕಿಗೆ ಮುಖ ಒತ್ತಿ ಸ್ಥಾವರದ ಕಡೆ ನೋಡಿದರು. ಬೆಂಕಿ ಕಾಣಲಿಲ್ಲ. ಬೆಂಕಿ ಕಾಣದಿರುವುದು ಒಳ್ಳೆಯದೆಂದು ತಾತ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಹೇಳಿದ. ಸೊಸೆ ಕತ್ತಲಲ್ಲಿ ಅವನ ತೋಳು ಹಿಡಿದುಕೊಂಡಳು.

ಏಳೂ ನಲವತ್ತಕ್ಕೆ ಗೇಟು ಕಿರುಗುಟ್ಟಿತು.

"ದೀಪ ಹಚ್ಚಿಲ್ವಾ?" ಎಂದ ಅವನು ಬಾಗಿಲಲ್ಲಿ ನಿಂತು.

ಅವಳು ಮೋಂಬತ್ತಿ ಹಚ್ಚಲು ಹೋದಳು. ಮೂರು ಕಡ್ಡಿ ಮುರಿದು ನಾಲ್ಕನೆಯದು ಹತ್ತಿತು. ಬೆಳಕಿನಲ್ಲಿ ಅವನ ಮುಖ, ಕೈ, ಅಂಗಿ ಎಲ್ಲ ನೋಡಿದಳು. ಎಲ್ಲ ಇತ್ತು.

"ಗುಂಡಿ ಮೇಲೆ ಬೆರಳಿಟ್ಟೆ ಅಪ್ಪಾ," ಎಂದ ಅವನು. "ಬೆರಳು ಒತ್ತಲಿಲ್ಲ. ಫೋನ್ ಮಾಡಿ 'ಎರಡನೇ ಘಟಕ ಲಭ್ಯವಿಲ್ಲ' ಅಂದೆ. ಕಾರಣ ಹೇಳಿ ಅಂದ್ಲು. ಸಾವಿರದ ಇನ್ನೂರ ನಲವತ್ತು ಅಂದೆ."

"ಅವಳೇನಂದ್ಲು?"

"'ಬರೆದುಕೊಂಡೆ' ಅಂದ್ಲು. ತೊಂಬತ್ತು ಮೆಗಾವಾಟ್ ಕೊರತೆ. ಯಾವ್ಯಾವ ಬಡಾವಣೆ ಕರೆಂಟು ತೆಗೀಬೇಕು ಅಂತ ಪಟ್ಟಿ ಇದೆಯಲ್ಲ, ನಮ್ಮ ಸಾಲು ಮೂರನೆಯದು. ಈ ದೀಪ ತೆಗೆದವಳೂ ಅವಳೇ."

"ಮ್ಯಾನೇಜರು?"

"ಬಂದ್ರು. ಕೂಗಾಡಿದ್ರು. ನಾಳೆಯಿಂದ ಬರಬೇಡ ಅಂದ್ರು. ಆ ಗಲಾಟೆಯಲ್ಲಿ ನಿನ್ನ ಫೋನು ಎತ್ತೋಕೆ ಆಗಲಿಲ್ಲ ಕಣೇ." ಅವನು ಸುತ್ತ ನೋಡಿದ. "ಊಟಕ್ಕೇನಿದೆ?"

ಹನ್ನೊಂದು ದಿನದ ಮೇಲೆ ಕವಚ ಬಿಚ್ಚಿದಾಗ, ಉರಿಯನ್ನು ಅಲಗುಗಳ ಕಡೆಗೆ ಒಯ್ಯುವ ಒಂದು ತಗಡಿನ ಕೊಳವೆಯಲ್ಲಿ ಗೇಣುದ್ದದ ಬಿರುಕು ಸಿಕ್ಕಿತು. ಅಂಗೈಯಗಲದ ತುಂಡೊಂದು ಎರಡು ಬೆರಳಿನಷ್ಟು ಲೋಹದ ಆಸರೆಯಲ್ಲಿ ತೂಗುತ್ತಿತ್ತು. ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ. ಕೆಲಸ ಹೋಯಿತೆಂಬುದಷ್ಟೇ ಗೊತ್ತಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆನೋ ಏನೋ ಎಂಬ ಅಂಜಿಕೆ ಅವನ ಮುಖದಲ್ಲಿತ್ತು. ಹೆಂಡತಿ ತಣ್ಣಗಾದ ಅನ್ನ, ಬಟಾಣಿ ತಂದಿಟ್ಟಳು. ಕಪ್ಪು ಫೋನನ್ನು ತಟ್ಟೆಯ ಪಕ್ಕಕ್ಕಿಟ್ಟು ಅವನು ಕುರ್ಚಿ ಎಳೆದುಕೊಂಡ.

ಎರಡನೆಯ ತುತ್ತಿಗೆ ಅದು ಬಡಿದುಕೊಂಡಿತು. ಮೂವರೂ ಬೆಚ್ಚಿದರು. ಅವನ ಕೈ ತಟ್ಟೆಯಿಂದ ಮೇಲೇಳುವುದರೊಳಗೆ ತಾತ ಫೋನು ಎತ್ತಿಕೊಂಡ; ಅಷ್ಟು ದಿನ ಅದನ್ನು ಮುಟ್ಟಿದವನಲ್ಲ.

ಮಾತೆಲ್ಲ ಮುದ್ರಣವಾಗುವ ಆ ಫೋನಿನಲ್ಲಿ ಆ ಕಡೆಯ ಹುಡುಗಿ ಘಟಕದ ಹೆಸರು ಹೇಳಲಿಲ್ಲ, ಮೆಗಾವಾಟ್ ಹೇಳಲಿಲ್ಲ.

"ಅಪ್ಪ ಬಂದ್ನಾ?"

"ಬಂದ," ಎಂದ ತಾತ. "ಕೂತ್ಕೊಂಡು ಊಟ ಮಾಡ್ತಿದ್ದಾನೆ."